ಎಚ್‌ಡಿಎಲ್ ಚೆನ್ನಾಗಿದೆ ಅಂದ ಮಾತ್ರಕ್ಕೆ: ಕುಡಿತ, ಸಿಗರೇಟು ಮತ್ತು ರಕ್ತದ ಕೊಬ್ಬಿನ ಲೆಕ್ಕ

ಶ್ರಾವಣಕ್ಕೆ ಮುಂಚೆ ಕೊನೆಯದಾಗಿ ಕುಡಿದು ತಿನ್ನುವ ಗಟಾರಿ ಅಮಾವಾಸ್ಯೆ ಕಳೆದ ಮರುದಿನ ಮುಂಬೈಯ ಪರ್ಮಿಟ್ ರೂಮುಗಳಲ್ಲಿ, ಅಂದರೆ ಬಾರುಗಳಲ್ಲಿ, ಗದ್ದಲ ಕಡಿಮೆ. ಶ್ರಾವಣ ಶುರುವಾಗಿರುತ್ತದೆ. ಮೀನು ಬಂದ್, ಕೋಳಿ ಬಂದ್, ಬಾಟಲಿಯೂ ಬಂದ್. ಕೆಲವರಿಗೆ ಇಡೀ ತಿಂಗಳು, ಕೆಲವರಿಗೆ ಗಣೇಶ ಚೌತಿ ಮುಗಿಯುವವರೆಗೆ. ಸಾಮಾನ್ಯವಾಗಿ ಅದೇ ದಿನ ತುಳುನಾಡಿನವರಿಗೆ ಆಟಿ ಅಮಾವಾಸ್ಯೆ. ಬರಿ ಹೊಟ್ಟೆಯಲ್ಲಿ ಪಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯುವ ದಿನ. ಮುಂಬೈಯಲ್ಲಿರುವ ನಮ್ಮವರಲ್ಲಿ ಎರಡನ್ನೂ ಪಾಲಿಸುವವರಿದ್ದಾರೆ: ಬೆಳಗ್ಗೆ ಕಷಾಯ, ರಾತ್ರಿ ಗಟಾರಿ.

ಈ ಒಂದು ತಿಂಗಳ ಬಿಡುವು ರಕ್ತದ ಕೊಬ್ಬಿನ ಮಟ್ಟಿಗೆ ಒಂದು ಪುಕ್ಕಟೆ ಪ್ರಯೋಗ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮನುಷ್ಯರೂ ಅಂಕಿಗಳೂ ಕಲ್ಪನೆಯವು, ಲೆಕ್ಕ ಮಾತ್ರ ನಿಜದ್ದು. ಡೊಂಬಿವಲಿಯಲ್ಲಿ ಮನೆ, ಊರಿನ ಕಡೆಯವರು, ಐವತ್ತರ ಆಸುಪಾಸು, ಹೋಟೆಲ್ ನಡೆಸುತ್ತಾರೆ. ಎಲ್ಲರೂ ಅಣ್ಣ ಅನ್ನುತ್ತಾರೆ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಮೂರು ಪೆಗ್, ದಿನಕ್ಕೆ ಆರೇಳು ಸಿಗರೇಟು. ಆಷಾಢದಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿದರು. ಒಟ್ಟು ಕೊಲೆಸ್ಟರಾಲ್ 210, ಎಚ್‌ಡಿಎಲ್ (ಒಳ್ಳೇ ಕೊಲೆಸ್ಟರಾಲ್ ಅನ್ನುವುದು) 52, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 300, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್ ಅನ್ನುವುದು) 98. ಶ್ರಾವಣದ ಕೊನೆಗೆ ಮತ್ತೆ ಮಾಡಿಸಿದರು. ಒಟ್ಟು 195, ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 160, ಎಲ್‌ಡಿಎಲ್ 117. ಎಲ್ಲವೂ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ.

ಈಗ ಅಣ್ಣ ಕೇಳುವುದು ನ್ಯಾಯವಾಗಿಯೇ ಇದೆ: "ಕುಡಿಯೋದು ಬಿಟ್ಟೆ. ಒಳ್ಳೇ ಕೊಲೆಸ್ಟರಾಲ್ ಇಳೀತು, ಕೆಟ್ಟದ್ದು ಏರಿತು. ಹಾಗಾದ್ರೆ ನಾನು ಬಿಟ್ಟಿದ್ದು ಯಾಕೆ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದ ಕಾರಣಕ್ಕೇ ಗಣಪತಿ ಬಿಟ್ಟ ಮಾರನೇ ದಿನ ಬಾಟಲಿ ತೆರೆಯುವವರಿದ್ದಾರೆ. ಉತ್ತರ ಆ ರಿಪೋರ್ಟಿನಲ್ಲೇ ಇದೆ. ಆದರೆ ನಾವು ನೋಡುವ ಸಾಲು ಬೇರೆ, ನೋಡಬೇಕಾದ ಸಾಲು ಬೇರೆ.

ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ರಕ್ತದಲ್ಲೂ ಅಷ್ಟೇ. ಹಾಗಾಗಿ ದೇಹ ಅದನ್ನು ಪ್ರೊಟೀನಿನ ಜೊತೆ ಕಟ್ಟಿ ಸಣ್ಣ ಕಣಗಳಾಗಿ ಸಾಗಿಸುತ್ತದೆ. ಲಿವರ್ ತಾನು ತಯಾರಿಸಿದ ಟ್ರೈಗ್ಲಿಸರೈಡನ್ನು ವಿಎಲ್‌ಡಿಎಲ್ ಎಂಬ ಕಣದಲ್ಲಿ ತುಂಬಿ ಹೊರಗೆ ಕಳಿಸುತ್ತದೆ. ದಾರಿಯಲ್ಲಿ ಟ್ರೈಗ್ಲಿಸರೈಡ್ ಖಾಲಿಯಾದಂತೆ ಅದೇ ಕಣ ಎಲ್‌ಡಿಎಲ್ ಆಗುತ್ತದೆ. ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರುವುದು ಮುಖ್ಯವಾಗಿ ಇದು. ಎಚ್‌ಡಿಎಲ್ ಅಲ್ಲಿಂದ ಕೊಲೆಸ್ಟರಾಲ್ ಎತ್ತಿ ವಾಪಸ್ ಲಿವರಿಗೆ ತರುತ್ತದೆ. ಅದಕ್ಕೇ 'ಒಳ್ಳೇದು' ಎಂಬ ಹೆಸರು.

ಕುಡಿದಾಗ ಲಿವರಿನಲ್ಲಿ ಆಗುವುದೇನು

ಆಲ್ಕೋಹಾಲನ್ನು ದೇಹ ಎಲ್ಲೂ ಕೂಡಿಟ್ಟುಕೊಳ್ಳುವುದಿಲ್ಲ. ಬಂದ ಕೂಡಲೇ ಸುಡಬೇಕು. ಸುಡುವ ಕೆಲಸ ಬಹುಪಾಲು ಲಿವರಿನದು. ಅದು ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ಅಸಿಟೇಟ್. ಈ ಕೆಲಸ ನಡೆಯುವಷ್ಟು ಹೊತ್ತು ಲಿವರ್ ತನ್ನ ಮಾಮೂಲು ಕೆಲಸವಾದ ಕೊಬ್ಬು ಸುಡುವುದನ್ನು ಬದಿಗಿಡುತ್ತದೆ. ಕೊಬ್ಬು ಉಳಿಯುತ್ತದೆ. ಅದೇ ಹೊತ್ತಿನಲ್ಲಿ ಹೊಸ ಕೊಬ್ಬು ತಯಾರಾಗುವುದಕ್ಕೂ ಅನುಕೂಲವಾದ ಸ್ಥಿತಿ ಜೀವಕೋಶದೊಳಗೆ ಇರುತ್ತದೆ. ಉಳಿದದ್ದೂ ಹೊಸದೂ ಸೇರಿ ಒಂದಷ್ಟು ಲಿವರಿನಲ್ಲೇ ಕೂರುತ್ತದೆ. ಸೋನೋಗ್ರಫಿಯಲ್ಲಿ 'ಫ್ಯಾಟಿ ಲಿವರ್' ಎಂದು ಬರುವುದಕ್ಕೆ ಇದೊಂದು ಕಾರಣ. ಇನ್ನಷ್ಟು ವಿಎಲ್‌ಡಿಎಲ್ ಆಗಿ ರಕ್ತಕ್ಕೆ ಬರುತ್ತದೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಏರುವುದು ಹೀಗೆ.

ಕುಡಿತದ ಜೊತೆಗೆ ಏನು ತಿನ್ನುತ್ತೇವೆ ಎಂಬುದು ಇಲ್ಲಿ ಬಹಳ ಮುಖ್ಯ. ಊಟದ ಕೊಬ್ಬನ್ನು ರಕ್ತದಿಂದ ತೆಗೆಯುವ ಒಂದು ಕಿಣ್ವ ಇದೆ, ಲೈಪೋಪ್ರೊಟೀನ್ ಲೈಪೇಸ್ ಅಂತ. ಆಲ್ಕೋಹಾಲ್ ಒಳಗಿದ್ದಾಗ ಅದು ನಿಧಾನವಾಗುತ್ತದೆ. ಹಾಗಾಗಿ ಬರೀ ಕೋಳಿ ಸುಕ್ಕ ತಿಂದಾಗ ಏರುವುದಕ್ಕಿಂತ, ಬರೀ ವಿಸ್ಕಿ ಕುಡಿದಾಗ ಏರುವುದಕ್ಕಿಂತ, ಎರಡೂ ಸೇರಿದಾಗ ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ ಏರುತ್ತದೆ. ಪರ್ಮಿಟ್ ರೂಮಿನ ಚಕ್ನಾ ನೆನಪಿಸಿಕೊಳ್ಳಿ. ಮಸಾಲಾ ಪಾಪಡ್, ಕರಿದ ಬಾಂಗಡೆ, ಚಿಕನ್ ಚಿಲ್ಲಿ. ಆಮೇಲೆ ರಾತ್ರಿ ಹನ್ನೆರಡೂವರೆಗೆ ಊಟ, ಊಟದ ಹಿಂದೆಯೇ ನಿದ್ದೆ. ಹೋಟೆಲ್ ಉದ್ಯಮದಲ್ಲಿರುವವರಿಗೆ ಬೇರೆ ಹೊತ್ತೇ ಸಿಗುವುದಿಲ್ಲ ಎಂಬುದೂ ನಿಜ. ದಿನದ ಮೊದಲ ನೆಮ್ಮದಿಯ ತುತ್ತು ಅವರಿಗೆ ಸಿಗುವುದೇ ಆಗ.

ಎಷ್ಟು ಅಂದರೆ ಎಷ್ಟು? ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್ ಇರುತ್ತದೆ. 30 ಮಿಲೀ ಪೆಗ್ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ಕ್ವಾರ್ಟರ್ (180 ಮಿಲೀ) ಅಂದರೆ 60 ಗ್ರಾಂ, 420ಕ್ಕೂ ಮೇಲೆ ಕ್ಯಾಲೊರಿ. 650 ಮಿಲೀ ಮಾಮೂಲು ಬಿಯರ್ ಬಾಟಲಿಯಲ್ಲಿ 25 ಗ್ರಾಂ. ಅದೇ ಎಂಟು ಶೇಕಡಾದ ಸ್ಟ್ರಾಂಗ್ ಬಿಯರ್ ಆದರೆ 40 ಗ್ರಾಂ. ಅಂದರೆ "ನಾನು ದಾರು ಮುಟ್ಟಲ್ಲ, ಬರೀ ಬಿಯರ್" ಅನ್ನುವವರು ಒಂದೇ ಬಾಟಲಿಯಲ್ಲಿ ನಾಲ್ಕು ಪೆಗ್ ಮುಗಿಸಿರುತ್ತಾರೆ.

ವಿಸ್ಕಿ, ಬಿಯರಿನ ಮಾತು ಬಂದಿದ್ದರಿಂದ ಒಂದು ಅಡ್ಡ ವಿಷಯ. 2025ರ ಜೂನ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಮದ್ಯದ ಅಬಕಾರಿ ಸುಂಕ ಏರಿಸಿತು. ಜುಲೈ 14ರಂದು ಬಾರುಗಳೂ ಪರ್ಮಿಟ್ ರೂಮುಗಳೂ ಬಂದ್ ಮಾಡಿ ಪ್ರತಿಭಟಿಸಿದವು. ಆ ಉದ್ಯಮದಲ್ಲಿ ನಮ್ಮವರು ಎಷ್ಟಿದ್ದಾರೆ ಎಂದು ಹೇಳಬೇಕಾಗಿಲ್ಲ. ದರ ಏರಿದಾಗ ಗಿರಾಕಿ ಒಂದು ಮೆಟ್ಟಿಲು ಕೆಳಗಿನ ಬ್ರ್ಯಾಂಡಿಗೆ ಇಳಿಯುತ್ತಾನೆ. ದರ ಇಳಿದರೆ ಮೇಲಿನದಕ್ಕೆ ಹತ್ತುತ್ತಾನೆ. ಲಿವರಿಗೆ ಇದರಲ್ಲಿ ಯಾವ ಆಸಕ್ತಿಯೂ ಇಲ್ಲ. ಅದಕ್ಕೆ ಕಾಣುವುದು ಗ್ರಾಂ ಮಾತ್ರ. ನಾಸಿಕದ ವೈನು, ಸ್ಕಾಟ್ಲೆಂಡಿನ ವಿಸ್ಕಿ, ಗೋವೆಯ ಫೆನಿ, ದೇಶಿ ದಾರು ಎಲ್ಲದರಲ್ಲೂ ಟ್ರೈಗ್ಲಿಸರೈಡ್ ಏರಿಸುವ ವಸ್ತು ಒಂದೇ. ಎಚ್‌ಡಿಎಲ್ ಏರಿಸುವುದೂ ಅದೇ. ಕೆಂಪು ವೈನಿನಲ್ಲಿ ಏನೋ ವಿಶೇಷ ಇದೆ ಎಂಬ ಮಾತು 1990ರ ದಶಕದಿಂದ ಓಡಾಡುತ್ತಿದೆ. ಆ ವಿಶೇಷ ಎಂದು ಹೇಳುವ ರೆಸ್ವೆರಟ್ರಾಲ್ ಎಂಬ ವಸ್ತು ಅದರಲ್ಲಿ ಇರುವುದು ಅಷ್ಟು ಚೂರು, ಲೋಟದಲ್ಲಿ ಕುಡಿದು ಔಷಧ ಆಗುವಂಥದ್ದಲ್ಲ.

ಆ 'ಒಳ್ಳೇ' ಸಾಲಿನ ಕತೆ

ಕುಡಿದರೆ ಎಚ್‌ಡಿಎಲ್ ಏರುತ್ತದೆ. ಇದು ಕುಡುಕರು ಕಟ್ಟಿದ ಕತೆ ಅಲ್ಲ, ಪ್ರಯೋಗಗಳಲ್ಲಿ ಕಂಡದ್ದು. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ದಿನಕ್ಕೆ 30 ಗ್ರಾಂ ಆಲ್ಕೋಹಾಲ್ ಕುಡಿದರೆ ಎಚ್‌ಡಿಎಲ್ ಸುಮಾರು 4 ಮಿಲಿಗ್ರಾಂ ಏರುತ್ತದೆ ಎಂದು ಕಂಡಿತು. ಟ್ರೈಗ್ಲಿಸರೈಡ್ ಸುಮಾರು 5.7 ಮಿಲಿಗ್ರಾಂ ಏರುತ್ತದೆ ಎಂದೂ ಅದೇ ಲೆಕ್ಕ ಹೇಳಿತು. ಈ ಎರಡನೇ ಸಂಗತಿ ಮಾತ್ರ ಬಾರಿನ ಟೇಬಲ್ಲಿನವರೆಗೆ ಬರಲೇ ಇಲ್ಲ. ಮಿತವಾಗಿ ಕುಡಿಯುವವರಲ್ಲಿ ಏರಿಕೆ ಇಷ್ಟು ಕಡಿಮೆ ಇರಬಹುದು. ಜಾಸ್ತಿ ಕುಡಿಯುವವರು, ಹೊಟ್ಟೆ ಬಂದವರು, ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲೇ ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಇಂಥವರಲ್ಲಿ ಅದು ಎಲ್ಲಿಗೋ ಹೋಗುತ್ತದೆ.

ಎಚ್‌ಡಿಎಲ್ ಏರಿದರೆ ಹೃದಯಕ್ಕೆ ಒಳ್ಳೇದು ಅಲ್ವಾ? ಇಪ್ಪತ್ತು ವರ್ಷದ ಹಿಂದೆ ವೈದ್ಯಲೋಕವೂ ಹೀಗೇ ನಂಬಿತ್ತು. ಎಚ್‌ಡಿಎಲ್ ಏರಿಸುವ ಔಷಧಕ್ಕಾಗಿ ಕಂಪನಿಗಳು ಹಣ ಸುರಿದವು. ಫೈಜರ್ ಕಂಪನಿಯ ಟಾರ್ಸೆಟ್ರಪಿಬ್ ಎಚ್‌ಡಿಎಲ್ಲನ್ನು ಶೇಕಡಾ 70ಕ್ಕೂ ಜಾಸ್ತಿ ಏರಿಸಿತು. ಆದರೆ ಔಷಧ ತೆಗೆದುಕೊಂಡವರಲ್ಲೇ ಸಾವು ಜಾಸ್ತಿಯಾಗಿದ್ದು ಕಂಡು 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ನಿಯಾಸಿನ್ ಎಂಬ ಹಳೆಯ ಔಷಧದ ಕತೆಯೂ ಹೆಚ್ಚು ಕಡಿಮೆ ಇದೇ. ಎಚ್‌ಡಿಎಲ್ ಏರಿತು, ಹೃದಯಾಘಾತ ಕಡಿಮೆಯಾಗಲಿಲ್ಲ. 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವಂಶವಾಹಿ ಅಧ್ಯಯನ ಇನ್ನೊಂದು ಪೆಟ್ಟು ಕೊಟ್ಟಿತು. ಹುಟ್ಟಿನಿಂದಲೇ ಎಚ್‌ಡಿಎಲ್ ಜಾಸ್ತಿ ಇರುವಂಥ ಒಂದು ಜೀನ್ ಹೊತ್ತವರಿಗೆ ಹೃದಯಾಘಾತ ಕಡಿಮೆಯೇನೂ ಇರಲಿಲ್ಲ.

ಕಾರಣ ಇಷ್ಟೇ. ಬೀದಿಯಲ್ಲಿ ಕಸದ ಗಾಡಿ ಎಷ್ಟು ಓಡಾಡುತ್ತಿವೆ ಎಂದು ಎಣಿಸಿದರೆ ಕಸ ಎಷ್ಟು ಎತ್ತಿದ್ದಾರೆ ಎಂದು ತಿಳಿಯುವುದಿಲ್ಲ. ರಿಪೋರ್ಟಿನ ಎಚ್‌ಡಿಎಲ್ ಅಂಕಿ ಎಣಿಸುವುದು ಗಾಡಿಗಳನ್ನು. ಎಚ್‌ಡಿಎಲ್ ಕಡಿಮೆ ಇರುವುದು ಅಪಾಯದ ಗುರುತು, ಅದು ಈಗಲೂ ನಿಜ. ಆದರೆ ಏನೋ ಮಾಡಿ ಅದನ್ನು ಎಳೆದು ಏರಿಸಿದರೆ ಅಪಾಯ ಇಳಿಯುತ್ತದೆ ಎಂಬುದು ಸಾಬೀತಾಗಿಲ್ಲ. ಮೂರು ಪೆಗ್ಗಿನಿಂದ ಸಂಪಾದಿಸಿದ ನಾಲ್ಕು ಅಂಕಕ್ಕೂ ಇದೇ ಅನ್ವಯಿಸುತ್ತದೆ.

ಮಿತವಾಗಿ ಕುಡಿಯುವವರಿಗೆ ಹೃದಯಾಘಾತ ಕಡಿಮೆ ಎಂದು ಹಳೆಯ ಅಧ್ಯಯನಗಳಲ್ಲಿ ಕಂಡಿದ್ದು ಹೌದು. ಆದರೆ 'ಕುಡಿಯದವರ' ಗುಂಪಿನಲ್ಲಿ ಯಾರಿದ್ದರು ಎಂದು ನೋಡಬೇಕು. ಕಾಯಿಲೆ ಬಂದು, ಡಾಕ್ಟರು ಬೈದು, ಬಿಟ್ಟವರೂ ಅದರಲ್ಲಿದ್ದರು. ಅವರ ಜೊತೆ ಹೋಲಿಸಿದರೆ ಯಾರೇ ಆದರೂ ಗಟ್ಟಿಯಾಗಿಯೇ ಕಾಣುತ್ತಾರೆ. 2014ರಲ್ಲಿ ಎರಡೂವರೆ ಲಕ್ಷಕ್ಕೂ ಮೀರಿದ ಯುರೋಪ್ ಮೂಲದ ಜನರ ಮೇಲೆ ನಡೆದ ವಂಶವಾಹಿ ಅಧ್ಯಯನ ಈ ಗೊಂದಲ ತಪ್ಪಿಸಲು ನೋಡಿತು. ಕೆಲವರಿಗೆ ಹುಟ್ಟಿನಿಂದಲೇ ಆಲ್ಕೋಹಾಲ್ ಒಗ್ಗುವುದಿಲ್ಲ, ಹಾಗಾಗಿ ಕಡಿಮೆ ಕುಡಿಯುತ್ತಾರೆ. ಅವರಲ್ಲಿ ಹೃದ್ರೋಗವೂ ಕಡಿಮೆ ಇತ್ತು. ಕಡಿಮೆ ಕುಡಿತ ಅಂದರೆ ಕಡಿಮೆ ಅಪಾಯ, ಮಿತವಾಗಿ ಕುಡಿಯುವವರಿಗೂ. ಸುರಕ್ಷಿತ ಅನ್ನುವ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಅದಕ್ಕೆ ಮುಖ್ಯ ಕಾರಣ ಕ್ಯಾನ್ಸರ್.

ಮಹಾರಾಷ್ಟ್ರದ ಕಾನೂನಿಗೆ ಇದಿನ್ನೂ ತಲುಪಿಲ್ಲ ಅನ್ನಿ. 1949ರ ಪಾನನಿಷೇಧ ಕಾಯ್ದೆ ಇಂದಿಗೂ ಇದೆ, ಕುಡಿಯಲು ಪರ್ಮಿಟ್ ಬೇಕು. 'ಪರ್ಮಿಟ್ ರೂಮ್' ಎಂಬ ಹೆಸರು ಬಂದಿದ್ದೇ ಅದರಿಂದ. ಆ ಪರ್ಮಿಟ್ ಕೊಡುವುದು ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಎಂದು ಅದರಲ್ಲೇ ಬರೆದಿರುತ್ತದೆ!

ಅಣ್ಣನ ರಿಪೋರ್ಟಿಗೆ ಉತ್ತರ

ಈಗ ಆ ಎರಡು ರಿಪೋರ್ಟುಗಳಿಗೆ ಬರೋಣ. ಎಲ್‌ಡಿಎಲ್ 98ರಿಂದ 117ಕ್ಕೆ ಏರಿದ್ದು ಯಾಕೆ?

ಬಹಳಷ್ಟು ಲ್ಯಾಬುಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ: ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ, ಅದು ವಿಎಲ್‌ಡಿಎಲ್ ಅಂದುಕೊಳ್ಳಿ. ಒಟ್ಟು ಕೊಲೆಸ್ಟರಾಲಿನಿಂದ ಅದನ್ನೂ ಎಚ್‌ಡಿಎಲ್ಲನ್ನೂ ಕಳೆಯಿರಿ, ಉಳಿದಿದ್ದು ಎಲ್‌ಡಿಎಲ್. ಆಷಾಢದಲ್ಲಿ 210ರಿಂದ 52 ಕಳೆದು, ಮತ್ತೆ 60 ಕಳೆದರೆ 98. ಕುಡಿತದಿಂದ ಏರಿದ ಎರಡೂ ಅಂಕಿಗಳು ಕಳೆಯುವ ಕಡೆಗೇ ಇವೆ, ನೋಡಿ. ಎಚ್‌ಡಿಎಲ್ ಏರಿದಷ್ಟೂ, ಟ್ರೈಗ್ಲಿಸರೈಡ್ ಏರಿದಷ್ಟೂ, ಕಾಗದದ ಮೇಲೆ ಎಲ್‌ಡಿಎಲ್ ಚೆನ್ನಾಗಿ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಬಳಸಲೇಬಾರದು. ಅದಕ್ಕಿಂತ ಕೆಳಗೂ, 300ರ ಆಸುಪಾಸಿಗೆ ಬಂದಾಗ, ಅದು ಎಲ್‌ಡಿಎಲ್ಲನ್ನು ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಇನ್ನೊಂದು ವಿಷಯ ಇದೆ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಎಲ್‌ಡಿಎಲ್ ಕಣಗಳು ಸಣ್ಣದಾಗುತ್ತವೆ. ಒಂದೊಂದರಲ್ಲೂ ಕೊಲೆಸ್ಟರಾಲ್ ಕಡಿಮೆ, ಕಣಗಳ ಸಂಖ್ಯೆ ಮಾತ್ರ ಜಾಸ್ತಿ. ಆಗ ಎಲ್‌ಡಿಎಲ್ ಅಂಕಿ ನೇರವಾಗಿ ಅಳೆದರೂ ಪೂರ್ತಿ ಕತೆ ಹೇಳುವುದಿಲ್ಲ.

ಹಾಗಾದರೆ ಯಾವ ಸಾಲು ನೋಡಬೇಕು? ನಾನ್-ಎಚ್‌ಡಿಎಲ್. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆದರೆ ಸಾಕು, ಇನ್ನೇನೂ ಬೇಡ. ರಕ್ತನಾಳಕ್ಕೆ ತೊಂದರೆ ಕೊಡುವ ಎಲ್ಲ ಕಣಗಳೂ ಅದರಲ್ಲಿ ಬಂದುಬಿಡುತ್ತವೆ. ಅಣ್ಣನದು ಆಷಾಢದಲ್ಲಿ 158 ಇತ್ತು, ಶ್ರಾವಣದ ಕೊನೆಗೆ 149. ಇಳಿಯಿತು. ಟ್ರೈಗ್ಲಿಸರೈಡ್ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಅಂದರೆ ಕುಡಿತ ಬಿಟ್ಟಾಗ ಕೆಟ್ಟದ್ದು ಹೊಸದಾಗಿ ಬರಲಿಲ್ಲ. ಮೊದಲೇ ಇದ್ದದ್ದು ಕಾಣಿಸಿತು. 149 ಕೂಡ ಒಳ್ಳೇ ಅಂಕಿ ಅಲ್ಲ. ಬೇರೆ ಅಪಾಯ ಇಲ್ಲದ ಸಾಮಾನ್ಯ ಜನರಿಗೇ ನಾನ್-ಎಚ್‌ಡಿಎಲ್ 130ರ ಕೆಳಗೆ, ಎಲ್‌ಡಿಎಲ್ 100ರ ಕೆಳಗೆ ಇರಬೇಕು ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಅಪಾಯ ಹೆಚ್ಚಿರುವವರಿಗೆ ಗುರಿ ಇನ್ನೂ ಕೆಳಗೆ: ಎಲ್‌ಡಿಎಲ್ 70ರ ಒಳಗೆ. ಆಗಲೇ ಹೃದಯಾಘಾತ ಆದವರಂಥ ತೀರಾ ಹೆಚ್ಚಿನ ಅಪಾಯದವರಿಗೆ 55ರ ಒಳಗೆ.

ಅದೇ ಮಾರ್ಗಸೂಚಿ ಉಪವಾಸ ಇಲ್ಲದೆಯೂ ಲಿಪಿಡ್ ಪರೀಕ್ಷೆ ಮಾಡಿಸಬಹುದು ಎಂದಿದೆ. ಮಧ್ಯಾಹ್ನ ಹೋಟೆಲಿನಿಂದ ಎದ್ದು ಹೋಗಿ ರಕ್ತ ಕೊಟ್ಟು ಬರಬಹುದು, ಅನುಕೂಲ. ಆದರೆ ಕುಡಿಯುವವರಿಗೆ ಇಲ್ಲಿ ಒಂದು ತೊಡಕಿದೆ. ಹಿಂದಿನ ರಾತ್ರಿಯ ಪೆಗ್ಗೂ ಕರಿದ ಮೀನೂ ಮರುದಿನದ ಟ್ರೈಗ್ಲಿಸರೈಡಿನಲ್ಲಿ ಕಾಣುತ್ತವೆ. ಅಂಥವರ ರಕ್ತದ ಸೀರಮ್ ಕೆಲವೊಮ್ಮೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ. ಲ್ಯಾಬಿನವರಿಗೆ ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಟ್ರೈಗ್ಲಿಸರೈಡ್ ಜಾಸ್ತಿ ಬಂದಿದ್ದರೆ ಎರಡು ಮೂರು ದಿನ ಕುಡಿಯದೆ, ಉಪವಾಸ ಇದ್ದು ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು. ಹಾಗೆ ಬಿಟ್ಟು ಬಂದಿದ್ದೇನೆ ಎಂದು ಡಾಕ್ಟರಿಗೆ ಹೇಳಬೇಕು. ಪರೀಕ್ಷೆಗಾಗಿ ಮೂರು ದಿನ ಸಾಚಾ ಆಗಿ, ರಿಪೋರ್ಟ್ ನಾರ್ಮಲ್ ಬಂತೆಂದು ಅದೇ ರಾತ್ರಿ ಸಂಭ್ರಮಿಸುವುದು ಸುಮ್ನೆ ದುಡ್ಡು ದಂಡ.

ಟ್ರೈಗ್ಲಿಸರೈಡಿಗೆ 150ರ ಒಳಗೆ ಇರುವುದು ಸರಿ, 200 ದಾಟಿದರೆ ಜಾಸ್ತಿ, 500 ದಾಟಿದರೆ ತೀರಾ ಜಾಸ್ತಿ. ಸಾವಿರದ ಹತ್ತಿರ ಬಂದರೆ ಅಥವಾ ದಾಟಿದರೆ ಹೃದಯಕ್ಕಿಂತ ಮೊದಲು ಪ್ಯಾಂಕ್ರಿಯಾಸಿನ (ಮೇದೋಜೀರಕ ಗ್ರಂಥಿಯ) ಚಿಂತೆ ಮಾಡಬೇಕು. ಅದಕ್ಕೆ ಉರಿಯೂತ ಬಂದರೆ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾಗದ ನೋವು, ಬೆನ್ನಿಗೂ ಹರಿಯುತ್ತದೆ, ವಾಂತಿ. ಇದನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಮಲಗುವುದು ದೊಡ್ಡ ತಪ್ಪು. ಆಲ್ಕೋಹಾಲ್ ಒಂದೇ ಸಾಕು ಪ್ಯಾಂಕ್ರಿಯಾಸ್ ಕೆಡಿಸಲು. ಎರಡೂ ಸೇರಿದರೆ ಕೇಳುವುದೇ ಬೇಡ.

ಗೋವೆಯ ವಾರಾಂತ್ಯದ ಬಗ್ಗೆ ಎರಡು ಮಾತು. ಬೆಳಗಾವಿ, ಹುಬ್ಬಳ್ಳಿಯಿಂದ ಶುಕ್ರವಾರ ಗಾಡಿ ಹತ್ತುವವರದು ಒಂದೇ ವಾದ: ವಾರವಿಡೀ ಮುಟ್ಟಲ್ಲ, ಎರಡೇ ದಿನ. ಮಾರ್ಚ್‌ನಿಂದ ಮೇವರೆಗೆ ಉರಾಕಿನ ಕಾಲ. ಗೇರುಹಣ್ಣಿನ ರಸದ ಮೊದಲ ಬಟ್ಟಿ, ಫೆನಿಗಿಂತ ಸಪ್ಪೆ, ಹಾಗಾಗಿ ಲೆಕ್ಕ ತಪ್ಪಿ ಕುಡಿಯುತ್ತಾರೆ. ಏಳು ದಿನದ್ದನ್ನು ಎರಡು ದಿನಕ್ಕೆ ತುಂಬಿದರೆ ಲಿವರಿಗೆ ರಿಯಾಯಿತಿ ಸಿಗುವುದಿಲ್ಲ. ಟ್ರೈಗ್ಲಿಸರೈಡ್ ಜಿಗಿಯುತ್ತದೆ, ಬಿಪಿ ಏರುತ್ತದೆ, ಕೆಲವರಲ್ಲಿ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಎಚ್‌ಡಿಎಲ್‌ನ ಆ ನಾಲ್ಕು ಅಂಕದ ನೆಪವೂ ಇವರಿಗಿಲ್ಲ, ಅದು ದಿನಾ ಕುಡಿದವರ ಲೆಕ್ಕ.

ಸಿಗರೇಟು: ರಿಪೋರ್ಟಿನಲ್ಲಿ ಅಷ್ಟಾಗಿ ಕಾಣದ ಕಳ್ಳ

ಸಿಗರೇಟಿನ ಕತೆ ಉಲ್ಟಾ. ಕುಡಿತ ಎಚ್‌ಡಿಎಲ್ ಏರಿಸಿದರೆ ಹೊಗೆ ಇಳಿಸುತ್ತದೆ. 1989ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಸೇದುವವರನ್ನೂ ಸೇದದವರನ್ನೂ ಹೋಲಿಸಿ ನೋಡಿತು. ಸೇದುವವರಲ್ಲಿ ಎಚ್‌ಡಿಎಲ್ 5.7 ಶೇಕಡಾ ಕಡಿಮೆ, ಟ್ರೈಗ್ಲಿಸರೈಡ್ 9.1 ಶೇಕಡಾ ಜಾಸ್ತಿ, ಎಲ್‌ಡಿಎಲ್ 1.7 ಶೇಕಡಾ ಜಾಸ್ತಿ. ಜಾಸ್ತಿ ಸೇದಿದಷ್ಟೂ ಅಂತರವೂ ಜಾಸ್ತಿ. ನಿಕೋಟಿನ್ ಒಳಗೆ ಹೋದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ. ಅವು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತವೆ. ಲಿವರ್ ಅದನ್ನು ಹಿಡಿದು ಮತ್ತೆ ವಿಎಲ್‌ಡಿಎಲ್ ಮಾಡಿ ಕಳಿಸುತ್ತದೆ. ಕೊಲೆಸ್ಟರಾಲನ್ನು ಎಚ್‌ಡಿಎಲ್‌ಗೆ ತುಂಬಿಕೊಡುವ ಕಿಣ್ವವೊಂದು ಹೊಗೆಯಿಂದ ಮಂಕಾಗುತ್ತದೆ.

ಅಂಕಿಗಳನ್ನು ಇನ್ನೊಮ್ಮೆ ನೋಡಿ. ಎಚ್‌ಡಿಎಲ್ 42 ಇರಬೇಕಾದವನಿಗೆ 40 ಆಗುತ್ತದೆ. ಎಲ್‌ಡಿಎಲ್ 115 ಇರಬೇಕಾದವನಿಗೆ 117. ಇಷ್ಟೇನಾ? ಇದಕ್ಕಾ ಇಷ್ಟು ಗಲಾಟೆ? 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಸೇದುವವರಿಗೆ ಮೊದಲ ಹೃದಯಾಘಾತದ ಅಪಾಯ ಸೇದದವರ ಮೂರು ಪಟ್ಟಿಗೆ ಹತ್ತಿರ ಇತ್ತು. ಎರಡಂಕ ಎಚ್‌ಡಿಎಲ್ ಇಳಿದದ್ದಕ್ಕೆ ಅಷ್ಟು ಅಪಾಯ ಬರಲು ಸಾಧ್ಯವಿಲ್ಲ. ಅಂದರೆ ಹೊಗೆ ಮಾಡುವ ಹಾನಿಯ ದೊಡ್ಡ ಪಾಲು ಲಿಪಿಡ್ ರಿಪೋರ್ಟಿನಲ್ಲಿ ಬರುವುದೇ ಇಲ್ಲ.

ಆ ಪಾಲು ಇರುವುದು ರಕ್ತನಾಳದ ಒಳಗೋಡೆಯಲ್ಲಿ. ಹೊಗೆಯಲ್ಲಿನ ರಾಸಾಯನಿಕಗಳು ಆ ಗೋಡೆಯ ತೆಳು ಪದರವನ್ನು ಕೆಡಿಸುತ್ತವೆ. ಎಲ್‌ಡಿಎಲ್ ಒಳನುಗ್ಗಲು ದಾರಿ ಸಲೀಸಾಗುತ್ತದೆ. ಅದೇ ರಾಸಾಯನಿಕಗಳು ಎಲ್‌ಡಿಎಲ್ಲನ್ನು ಆಕ್ಸಿಡೈಸ್ ಮಾಡುತ್ತವೆ, ಅಂದರೆ ಅದರ ಕೊಬ್ಬು ಕಮಟು ಹಿಡಿಯುತ್ತದೆ. ದೇಹದ ಕಾವಲು ಕೋಶಗಳು ಇದನ್ನು ಶತ್ರು ಎಂದು ಬಗೆದು ನುಂಗುತ್ತವೆ, ನುಂಗಿ ನುಂಗಿ ಉಬ್ಬಿ ಅಲ್ಲೇ ಬೀಳುತ್ತವೆ. ಬ್ಲಾಕೇಜ್ ಅನ್ನುವುದು ಶುರುವಾಗುವುದು ಹೀಗೆ. ಇದರ ಮೇಲೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಹೊಗೆಯಿಂದ ಅಂಟಂಟಾಗುತ್ತವೆ. ಒಂದೇ 117 ಎಲ್‌ಡಿಎಲ್ ಸೇದದವನ ಮೈಯಲ್ಲಿ ಮಾಡುವ ಕೆಲಸ ಬೇರೆ, ಸೇದುವವನ ಮೈಯಲ್ಲಿ ಮಾಡುವ ಕೆಲಸ ಬೇರೆ. ಕಾಗದದಲ್ಲಿ ಎರಡೂ 117.

"ದಿನಕ್ಕೆ ಒಂದೋ ಎರಡೋ, ಕಟಿಂಗ್ ಚಾಯ್ ಜೊತೆ" ಅನ್ನುವವರಿಗೂ ಸಮಾಧಾನ ಇಲ್ಲ. ದಿನಕ್ಕೆ ಇಪ್ಪತ್ತು ಸೇದುವವನಿಗೆ ಇರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸೇದುವವನಿಗೂ ಇರುತ್ತದೆ ಎಂದು 2018ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ವಿಶ್ಲೇಷಣೆ ತೋರಿಸಿತು. ಇಪ್ಪತ್ತರಿಂದ ಒಂದಕ್ಕೆ ಇಳಿಸಿದರೆ ಅಪಾಯ ಇಪ್ಪತ್ತನೇ ಒಂದು ಭಾಗ ಆಗುವುದಿಲ್ಲ. ಸಿಗರೇಟನ್ನು ಪ್ಯಾಕ್ ಒಡೆದು ಒಂದೊಂದಾಗಿ ಮಾರುವುದನ್ನು ಮಹಾರಾಷ್ಟ್ರ 2020ರಲ್ಲೇ ನಿಷೇಧಿಸಿದೆ. ಯಾವುದೇ ಸ್ಟೇಷನ್ನಿನ ಹೊರಗಿನ ಟಪ್ರಿಯಲ್ಲಿ ನಿಂತು ನೋಡಿ, ನಿಷೇಧ ಎಷ್ಟು ಜಾರಿಯಲ್ಲಿದೆ ಅಂತ ತಿಳಿಯುತ್ತದೆ. ಬೀಡಿ ಹಗುರ ಎಂಬ ನಂಬಿಕೆಯೂ ಸುಳ್ಳು. ಮಿಶ್ರಿ, ಜರ್ದಾ, ಸುಣ್ಣ ತಿಕ್ಕಿದ ತಂಬಾಕು ಇವುಗಳಲ್ಲಿ ಹೊಗೆ ಇಲ್ಲ ನಿಜ, ನಿಕೋಟಿನ್ ಇದೆ. ಹಾಗಾಗಿ ತಂಬಾಕು ಹೇಗೇ ಬಳಸಿದರೂ ಡಾಕ್ಟರಿಗೆ ಹೇಳಬೇಕಾದದ್ದೇ.

ನನಗೆ ಎಲ್ಲಕ್ಕಿಂತ ಅಪಾಯ ಅನಿಸುವುದು ಇವೆರಡೂ ಒಟ್ಟಿಗೆ ಇದ್ದಾಗ. ಸಿಗರೇಟು ಎಚ್‌ಡಿಎಲ್ ಇಳಿಸುತ್ತದೆ, ಕುಡಿತ ಏರಿಸುತ್ತದೆ, ಕಾಗದದಲ್ಲಿ ಎರಡೂ ಸರಿಹೋಗುತ್ತವೆ. ಅಣ್ಣನ 52 ನೋಡಿ ಯಾರಾದರೂ ಇವರು ದಿನಕ್ಕೆ ಆರೇಳು ಸೇದುತ್ತಾರೆ ಎಂದುಕೊಳ್ಳುವರೇ? ಕುಡಿತ ಸಿಗರೇಟಿನ ಗುರುತನ್ನು ಅಳಿಸಿಹಾಕಿದೆ, ಹಾನಿಯನ್ನಲ್ಲ. ಟ್ರೈಗ್ಲಿಸರೈಡ್ ಒಂದೇ ಸಾಲಿನಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ಎಳೆಯುತ್ತಾರೆ. ಹಾಗಾಗಿ ಕುಡಿದು ಸೇದುವವರ ರಿಪೋರ್ಟಿನಲ್ಲಿ ಮೊದಲು ನೋಡಬೇಕಾದದ್ದು ಅದನ್ನು, ಆಮೇಲೆ ನಾನ್-ಎಚ್‌ಡಿಎಲ್.

ನಮ್ಮ ಜನಕ್ಕೆ ಇದು ಇನ್ನೂ ಬಿಗಿ. ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ಪ್ರದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿ 72.3 ಶೇಕಡಾ ಜನರಿಗೆ ಎಚ್‌ಡಿಎಲ್ ಕಡಿಮೆ ಇತ್ತು, 29.5 ಶೇಕಡಾ ಜನರಿಗೆ ಟ್ರೈಗ್ಲಿಸರೈಡ್ ಜಾಸ್ತಿ ಇತ್ತು. ಕುಡಿಯದೆ ಸೇದದೆ ಇದ್ದವರೂ ಅದರಲ್ಲಿ ಇದ್ದರು. ಇಂಟರ್‌ಹಾರ್ಟ್‌ನಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ವಯಸ್ಸು ಸರಾಸರಿ 53ರ ಸುತ್ತ, ಉಳಿದವರಿಗಿಂತ ಐದಾರು ವರ್ಷ ಮೊದಲು. ಹುಟ್ಟಿನಿಂದ, ಊಟದಿಂದ ಮೊದಲೇ ಭಾರ ಇರುವ ಕಡೆಗೆ ಇನ್ನೂ ಭಾರ ಹಾಕುವ ಕೆಲಸ ಇದು.

ಬಿಟ್ಟರೆ ಏನಾಗುತ್ತದೆ? ಟ್ರೈಗ್ಲಿಸರೈಡ್ ಬೇಗ ಇಳಿಯುತ್ತದೆ, ಕೆಲವೇ ವಾರಗಳಲ್ಲಿ. ಶ್ರಾವಣ ಸಾಕು. ಸಿಗರೇಟು ಬಿಟ್ಟವರಲ್ಲಿ ಎಚ್‌ಡಿಎಲ್ ಮೆಲ್ಲಗೆ ಏರುತ್ತದೆ. 2011ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬಿಟ್ಟವರ ತೂಕ ವರ್ಷದಲ್ಲಿ ನಾಲ್ಕೈದು ಕಿಲೋ ಏರಿತ್ತು, ಆದರೂ ಎಚ್‌ಡಿಎಲ್ 2.4 ಮಿಲಿಗ್ರಾಂ ಜಾಸ್ತಿಯಾಗಿತ್ತು. ಎಲ್‌ಡಿಎಲ್ ಅಷ್ಟೇನೂ ಬದಲಾಗಲಿಲ್ಲ. ಹಾಗಾಗಿ ಬಿಟ್ಟು ಮೂರು ತಿಂಗಳಿಗೆ ಎಲ್‌ಡಿಎಲ್ ನೋಡಿ ನಿರಾಶೆಯಾಗುವುದು ಬೇಡ. ಲಾಭ ಅಲ್ಲಿಲ್ಲ. ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಬರುತ್ತದೆ, ಅದನ್ನು ಯಾವ ಲ್ಯಾಬೂ ಅಚ್ಚು ಹಾಕಿ ಕೊಡುವುದಿಲ್ಲ. ಎಲ್‌ಡಿಎಲ್ ಇಳಿಸಲು ಡಾಕ್ಟರು ಸ್ಟಾಟಿನ್ ಬರೆದಿದ್ದರೆ ಅದನ್ನು ತೆಗೆದುಕೊಳ್ಳಬೇಕು. ಗಟಾರಿ ದಿನ, ಪಾರ್ಟಿ ದಿನ ಗುಳಿಗೆ ಬಿಟ್ಟು ಕುಡಿಯುವ ಅಭ್ಯಾಸ ಕೆಲವರಿಗಿದೆ. ಎರಡೂ ಸೇರಬಾರದು ಎಂಬ ಭಯ. ಡಾಕ್ಟರನ್ನು ಕೇಳದೆ ಗುಳಿಗೆಯನ್ನೇ ಬಿಡುವುದು ತಲೆಕೆಳಗಾದ ಲೆಕ್ಕ.

ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. ಕುಡಿತದ ವಿಷಯದಲ್ಲಿ ಒಂದು ಎಚ್ಚರ. ವರ್ಷಗಟ್ಟಲೆ ದಿನಾ ಕ್ವಾರ್ಟರ್‌, ಅದಕ್ಕಿಂತ ಜಾಸ್ತಿ ಕುಡಿದವರು ಶ್ರಾವಣ ಬಂತೆಂದು ಒಂದೇ ಏಟಿಗೆ ನಿಲ್ಲಿಸಿದರೆ ಕೈನಡುಕ, ಬೆವರು, ಭ್ರಮೆ, ಫಿಟ್ಸ್ ಬರಬಹುದು. ಜೀವಕ್ಕೂ ಅಪಾಯ. ಅಂಥವರು ಡಾಕ್ಟರ ಕಣ್ಣಳತೆಯಲ್ಲೇ ಬಿಡಬೇಕು.

ಕೊನೆಗೆ ನಮ್ಮ ಸಂಘಗಳಿಗೆ ಒಂದು ಕೆಲಸದ ಮಾತು. ಮುಂಬೈ, ಠಾಣೆ, ಪುಣೆ ಎಲ್ಲ ಕಡೆ ಕನ್ನಡ ಸಂಘಗಳು, ಜಾತಿ ಸಂಘಗಳು ಆರೋಗ್ಯ ಶಿಬಿರ ಮಾಡುತ್ತವೆ. ಬಿಪಿ, ಸಕ್ಕರೆ ನೋಡುತ್ತಾರೆ, ಕೆಲವು ಕಡೆ ಲಿಪಿಡ್ ಕೂಡ. ಸಾಲಿನಲ್ಲಿ ಹಿಂದೆ ಭಾವ, ಮುಂದೆ ಚಿಕ್ಕಪ್ಪ, ಪಕ್ಕದಲ್ಲಿ ಸಂಘದ ಅಧ್ಯಕ್ಷರು. ಮೇಜಿನ ಆಚೆ ಕೂತವರು ಗಟ್ಟಿಯಾಗಿ ಕೇಳುತ್ತಾರೆ, "ಕುಡೀತೀರಾ? ಸೇದ್ತೀರಾ?" ಎಲ್ಲರ ಉತ್ತರವೂ ಒಂದೇ, ಇಲ್ಲ. ಆಮೇಲೆ ಆ ಎಚ್‌ಡಿಎಲ್ ಅಂಕಿಯನ್ನು ಕುಡಿಯದವನ, ಸೇದದವನ ಅಂಕಿ ಎಂದು ಓದಲಾಗುತ್ತದೆ. ಬಾಯಲ್ಲಿ ಕೇಳುವ ಬದಲು ಒಂದು ಚೀಟಿ ಕೊಡಬಹುದು, ಹೆಸರಿಲ್ಲದೆ, ರಕ್ತದ ಟ್ಯೂಬಿನ ನಂಬರ್ ಮಾತ್ರ ಹಾಕಿ: ವಾರಕ್ಕೆ ಎಷ್ಟು ಪೆಗ್ ಅಥವಾ ಬಾಟಲಿ, ಕೊನೆಯ ಬಾರಿ ಯಾವಾಗ, ದಿನಕ್ಕೆ ಎಷ್ಟು ಸಿಗರೇಟು ಅಥವಾ ಬೀಡಿ, ತಂಬಾಕು ಬಾಯಿಗೆ ಹಾಕುತ್ತೀರಾ. ಚೀಟಿಯನ್ನು ಮಡಿಸಿ ರಿಪೋರ್ಟ್ ನೋಡುವ ಡಾಕ್ಟರಿಗೆ ನೇರ ಕೊಟ್ಟರಾಯಿತು. ಹೋಟೆಲಿನ ಹುಡುಗರನ್ನೂ ಶಿಬಿರಕ್ಕೆ ಕಳಿಸುವುದಾದರೆ ಮಧ್ಯಾಹ್ನ ಮೂರರಿಂದ ಐದರ ಒಳಗೆ ಇಡಬೇಕು, ಅವರಿಗೆ ಬಿಡುವು ಸಿಗುವುದು ಆಗ ಮಾತ್ರ.